ಎಡಗಾಲಿನ ಫೈಲು

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಮೂಳೆಯಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರೂ ಒಂದಿತ್ತು. ಅದು ಸಂಬಳದ ಚೀಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಕಾಣುತ್ತಿರಲಿಲ್ಲ. ಬಿಲ್ಲಿಂಗ್ ಕೌಂಟರಿನ ಹಿಂದೆ ಪ್ಲೈವುಡ್ ಅಡ್ಡಗೋಡೆ ಹಾಕಿ ಮಾಡಿದ ಪುಟ್ಟ ಕೋಣೆಯಲ್ಲಿ ಕೂತು, ಹನ್ನೊಂದು ವರ್ಷಗಳಿಂದ ಅವಳು ಮುರಿದ ಕಾಲುಗಳ ಫೈಲುಗಳನ್ನೇ ನೋಡುತ್ತಿದ್ದಳು.

"ನೀನು ಡಾಕ್ಟರೂ ಅಲ್ಲ, ನರ್ಸೂ ಅಲ್ಲ, ಕ್ಯಾಷಿಯರೂ ಅಲ್ಲ. ಮತ್ತೆ ಏನೇ ನೀನು?" ಎಂದು ಗಡಿಯಾರ ರಿಪೇರಿ ಮಾಡುವ ಗಂಡ ರೇಗಿಸುತ್ತಿದ್ದ. ಅವಳು ಹೇಳಿ ಹೇಳಿ ಸಾಕಾಗಿದ್ದಳು. ಡಾಕ್ಟರು ಆಪರೇಷನ್ ಮುಗಿಸಿ ಟಿಪ್ಪಣಿ ಬರೆಯುತ್ತಾರೆ. ಯಾವ ಮೂಳೆ, ಎಲ್ಲಿ ಮುರಿದಿದೆ, ಚರ್ಮ ಸೀಳಿ ಹೊರಗೆ ಬಂದಿತ್ತೋ ಇಲ್ಲವೋ, ಹಾಕಿದ್ದು ಪ್ಲೇಟೋ ರಾಡೋ, ಎಡಗಾಲೋ ಬಲಗಾಲೋ, ಅಷ್ಟನ್ನೂ ಓದಿ ಅಕ್ಷರ, ಅಂಕಿಗಳ ಒಂದು ಸಾಲಿಗೆ ಇಳಿಸುವುದು ಇವಳ ಕೆಲಸ. ಅದಕ್ಕೆ ಕೋಡ್ ಹಾಕುವುದು ಎನ್ನುತ್ತಾರೆ. ವಿಮೆ ಕಂಪನಿಯವರು ಕಾಲು ನೋಡುವುದಿಲ್ಲ, ಆ ಸಾಲು ನೋಡುತ್ತಾರೆ.

ಈ ಕೆಲಸದಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನವೇ ಒಂದು ಮಾತು ಹೇಳುತ್ತಿದ್ದಳು: "ಟಿಪ್ಪಣಿಯ ತಲೆಬರಹ ನಂಬಬೇಡಿ. ಡಾಕ್ಟರು ಹಿಂದಿನ ರೋಗಿಯ ಟಿಪ್ಪಣಿ ತೆಗೆದು ಅದರ ಮೇಲೇ ಬರೀತಾರೆ, ತಲೆಬರಹ ಬದಲಾಯಿಸೋಕೆ ಮರೀತಾರೆ. ಒಳಗೆ ಪೂರ್ತಿ ಓದಿ. ಎರಡೂ ತಾಳೆಯಾಗ್ಲಿಲ್ಲ ಅಂದ್ರೆ ಡಾಕ್ಟರಿಗೆ ಪ್ರಶ್ನೆ ಚೀಟಿ ಕಳ್ಸಿ. ಬೈದ್ರೆ ಬೈಸ್ಕೊಳ್ಳಿ."

ಇಂಥವಳೇ ಎಡವಿದಳು. ಅದೂ ಎಂಥ ದಿನ! ವರ್ಷವಿಡೀ ಒಂದೂ ತಪ್ಪು ಮಾಡದವರ ಫೋಟೋ ತೆಗೆಸಿ ಗೋಡೆಗೆ ಹಾಕುವ ಹುಚ್ಚು ಆ ಆಸ್ಪತ್ರೆಯವರಿಗಿತ್ತು. ಮಧ್ಯಾಹ್ನ ಊಟಕ್ಕೆ ಮೊದಲು ಮೇಲ್ವಿಚಾರಕರು ಬಾಗಿಲಲ್ಲಿ ನಿಂತು, "ಮೂಳೆಯಕ್ಕಾ, ಬೇಗ ಬನ್ನಿ, ಫೋಟೋದವನು ಕಾಯ್ತಿದಾನೆ" ಎಂದರು. ಅವಳ ಕೈಯಲ್ಲೊಂದು ಫೈಲಿತ್ತು. ರೋಗಿ ದರ್ಜಿ, ವಯಸ್ಸು ನಲವತ್ತೆರಡು, ಮೊಣಕಾಲಿನ ಕೆಳಗಿನ ಮೂಳೆ ಮುರಿದಿತ್ತು, ರಾಡ್ ಹಾಕಿದ್ದರು. ತಲೆಬರಹದಲ್ಲಿ ಬಲಗಾಲು ಎಂದಿತ್ತು. ಅವಳು ಬಲಗಾಲು ಎಂದು ಹಾಕಿ, ಕೂದಲು ಸರಿಮಾಡಿಕೊಂಡು ಎದ್ದು ಹೋದಳು. ಫೋಟೋದಲ್ಲಿ ಚೆನ್ನಾಗಿಯೇ ನಕ್ಕಿದ್ದಾಳೆ.

ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಪ್ಲೈವುಡ್ಡಿನ ಆಚೆಯಿಂದ ಊರುಗೋಲಿನ ಸದ್ದು ಕೇಳಿಸಿತು. ಟಕ್ ಎನ್ನುವುದು, ಆಮೇಲೆ ಒಂದು ಚಪ್ಪಲಿ ನೆಲಕ್ಕೆ ಉಜ್ಜುವುದು. ಕೌಂಟರಿನ ಗುಮಾಸ್ತ ಹೇಳುತ್ತಿದ್ದ: "ವಿಮೆ ಕಂಪನಿಯವರು ನಿಮ್ಮ ಅರ್ಜಿ ಮತ್ತೆ ವಾಪಸ್ ಕಳ್ಸಿದಾರೆ. ನಿಮಗೆ ರಾಡ್ ಹಾಕಿರೋದು ಬಲಗಾಲಿಗಂತೆ. ಈಗ ಎಡಗಾಲಲ್ಲಿ ಕೀವಾಗಿದೆ, ರಾಡ್ ತೆಗೀಬೇಕು ಅಂತೀರ. ಎಡಗಾಲಲ್ಲಿ ರಾಡೇ ಇಲ್ವಲ್ಲ ಅಂತಾರೆ."

"ಇಲ್ಲೇ ಇದೆಯಲ್ಲ ಸ್ವಾಮಿ, ಕಾಲು! ಪ್ಯಾಂಟ್ ಎತ್ತಿ ತೋರಿಸ್ಲಾ?" ಎಂದ ಊರುಗೋಲಿನವನು.

"ನಂಗೆ ತೋರಿಸಿ ಏನು ಮಾಡ್ತೀರ? ದಾಖಲೆ ಬೇಕು."

ಜೊತೆಗಿದ್ದ ಹೆಂಗಸು ದನಿ ಏರಿಸಿದಳು. "ಕಾಲು ಬಿಸಿಯಾಗಿ ಕೆಂಪಗಾಗಿದೆ, ರಾತ್ರಿಯೆಲ್ಲ ನರಳ್ತಾರೆ. ನಮ್ಮ ಕೈಯಿಂದ ದುಡ್ಡು ಕಟ್ಟೋಕೆ ಆಗಿದ್ರೆ ಯಾವಾಗ್ಲೋ ಮಾಡಿಸ್ತಿದ್ವಿ. ಯಾರನ್ನ ಕೇಳ್ಬೇಕು ಹೇಳಿ!"

ಮೂಳೆಯಕ್ಕ ಆ ದರ್ಜಿಯ ಹಳೆಯ ಫೈಲು ತೆರೆದಳು. ತಲೆಬರಹ ಬಲ, ಒಳಗೆ ಏಳು ಕಡೆ ಎಡ. ಕೆಳಗೆ ಅವಳದೇ ಸಹಿ.

ಆ ಕ್ಷಣವೇ ಎದ್ದು ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ತಿದ್ದುಪಡಿ ಪತ್ರ ಎಂಬುದೊಂದಿದೆ, ಒಂದೇ ಹಾಳೆ. ಆದರೆ ಅದರಲ್ಲಿ ತಪ್ಪು ಮಾಡಿದವರ ಹೆಸರು ಬರೆಯಬೇಕು. ಆಮೇಲೆ ಹನ್ನೊಂದು ವರ್ಷದ ಫೈಲುಗಳನ್ನೆಲ್ಲ ತಪಾಸಣೆಗೆ ಎಳೆಯುತ್ತಾರೆ, ತರಬೇತಿ ಕೊಡುವ ಕೆಲಸ ಕೈತಪ್ಪುತ್ತದೆ, ಗೋಡೆಯ ಫೋಟೋ ಇಳಿಯುತ್ತದೆ. ಹೆದರಿದಳು. ನಾಳೆ ಬರೆಯೋಣ ಎಂದುಕೊಂಡಳು. ಡಾಕ್ಟರೇ ಯಾರಾದರೂ ಫೋನ್ ಮಾಡಿ ಸರಿಮಾಡಿಯಾರು ಎಂದೂ ತನ್ನನ್ನು ತಾನೇ ನಂಬಿಸಿಕೊಂಡಳು. ಹೀಗೆ ಹತ್ತೊಂಬತ್ತು ದಿನ ಕಳೆದವು.

ಆ ದಿನಗಳಲ್ಲಿ ಊರುಗೋಲು ಅವಳ ಬೆನ್ನು ಬಿಡಲಿಲ್ಲ. ಕೌಂಟರಿಗೆ ದರ್ಜಿ ಮತ್ತು ಅವನ ಹೆಂಡತಿ ಇನ್ನೂ ನಾಲ್ಕು ಸಲ ಬಂದರು. ಪ್ರತಿ ಸಲವೂ ಚಪ್ಪಲಿ ಉಜ್ಜುವ ಸದ್ದು ಉದ್ದವಾಗುತ್ತಿತ್ತು. ಅವರು ಬಾರದ ದಿನವೂ ಕೇಳಿಸುತ್ತಿತ್ತು. ಮನೆಯಲ್ಲಿ ತರಕಾರಿ ಹೆಚ್ಚುವಾಗ ಕೇಳಿಸುತ್ತಿತ್ತು, ನಲ್ಲಿ ನಿಲ್ಲಿಸಿದ ಮೇಲೂ ಕೇಳಿಸುತ್ತಿತ್ತು. ಬೀದಿಯಲ್ಲಿ ಹೋಗುವವರ ಮುಖ ಬಿಟ್ಟು ಎಡಗಾಲುಗಳನ್ನೇ ನೋಡತೊಡಗಿದಳು. ಬಸ್ಸಿನಲ್ಲಿ ಒಬ್ಬ ಮುದುಕರು, "ಯಾಕಮ್ಮ, ನನ್ನ ಚಪ್ಪಲಿ ಮೇಲೆ ಕಣ್ಣು ಹಾಕಿದೀಯ?" ಎಂದು ನಕ್ಕರು. ಅವಳಿಗೆ ನಗು ಬರಲಿಲ್ಲ. ಹಾಸಿಗೆಯಲ್ಲಿ ಎಡಮೊಣಕಾಲಿನ ಕೆಳಗೆ ಕಾದ ಕಂಬಿ ಇಟ್ಟಂತೆ ಉರಿಯುತ್ತಿತ್ತು. ಮುಟ್ಟಿ ನೋಡಿದರೆ ತಣ್ಣಗಿರುತ್ತಿತ್ತು.

"ಯಾಕೆ ಕುಂಟ್ತಾ ಇದೀಯ?" ಎಂದ ಗಂಡ ಒಂದು ಸಂಜೆ.

"ನಾನಾ? ಎಲ್ಲಿ ಕುಂಟ್ತಿದೀನಿ?"

"ವಾರದಿಂದ ನೋಡ್ತಿದೀನಿ ಕಣೇ. ಎಡಗಾಲು ಎಳ್ಕೊಂಡು ನಡೀತಿದೀಯ."

ಮರುದಿನ ಅವಳು ತಿದ್ದುಪಡಿ ಪತ್ರ ಬರೆದಳು. ಮೇಲ್ವಿಚಾರಕರು ಓದಿ ಕನ್ನಡಕ ತೆಗೆದರು. "ಯಾರೂ ಕೇಳಿಲ್ಲವಲ್ಲ ಅಕ್ಕಾ. ಇಷ್ಟು ವರ್ಷ ಗಳಿಸಿದ ಹೆಸರನ್ನ ಕೈಯಾರೆ ಮಣ್ಣುಪಾಲು ಮಾಡ್ಕೋತೀರಾ? ಡಾಕ್ಟರ ಟೈಪಿಂಗ್ ತಪ್ಪು ಅಂತ ಬರೆಯೋಣ."

"ಡಾಕ್ಟರು ಏಳು ಸಲ ಸರಿಯಾಗಿ ಬರ್ದಿದಾರೆ ಸರ್. ನಾನು ಓದಿಲ್ಲ. ಹಾಗೇ ಕಳ್ಸಿ."

ನಾಲ್ಕನೇ ದಿನಕ್ಕೆ ಕಂಪನಿಯ ಒಪ್ಪಿಗೆ ಬಂತು. ಫೋಟೋ ಇಳಿಯಿತು, ಅವಳು ಲೆಕ್ಕಿಸಲಿಲ್ಲ. ಅಂದು ರಾತ್ರಿ ಮೈಮರೆತು ನಿದ್ದೆ ಮಾಡಿದಳು.

ಇನ್ನೊಂದು ವಾರಕ್ಕೆ ದರ್ಜಿಯ ಹೊಸ ಫೈಲು ಅವಳ ಮೇಜಿಗೇ ಬಂತು. ರಾಡ್ ತೆಗೆದ ಟಿಪ್ಪಣಿ ಇರುತ್ತದೆ ಎಂದು ತೆರೆದಳು. ಇರಲಿಲ್ಲ. ಕೀವು ಮೂಳೆಯ ಉದ್ದಕ್ಕೂ ಇಳಿದು ನಂಜು ರಕ್ತಕ್ಕೆ ಸೇರಿತ್ತು, ಜೀವ ಉಳಿಸಲು ಎಡಗಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿದ್ದರು. 'ರೋಗಿ ತಡವಾಗಿ ದಾಖಲಾಗಿದ್ದಾರೆ' ಎಂದು ಡಾಕ್ಟರು ಬರೆದಿದ್ದರು. ಅವಳು ಅಕ್ಷರ ಬಿಡದೆ ಮೂರು ಸಲ ಓದಿದಳು. ಕೋಡ್ ಹಾಕಲು ಕೈ ಏಳಲಿಲ್ಲ. ಆದರೆ ತಡಮಾಡಿದರೆ ಅವರ ಬಿಡುಗಡೆಯೂ ತಡವಾಗುತ್ತದೆ ಎಂದು ನೆನಪಾಗಿ, ಅಳುತ್ತಲೇ ಹಾಕಿದಳು.

ಬಿಡುಗಡೆಯ ದಿನ ದರ್ಜಿಯ ಹೆಂಡತಿ ಅಡ್ಡಗೋಡೆಯ ಬಾಗಿಲಿಗೆ ಬಂದಳು. ಬಡಕಲು ಹೆಂಗಸು, ಕೈಯಲ್ಲಿ ಔಷಧಿಯ ಚೀಲ. "ಒಳಗಿರೋ ಅಕ್ಕಾನೇ ಪತ್ರ ಸರಿಮಾಡಿದ್ದು ಅಂತ ಕೌಂಟರಿನವರು ಹೇಳಿದ್ರು. ಕಾಲು ಹೋದ್ರೂ ಜೀವ ಉಳೀತು. ನಿಮ್ಮ ಉಪಕಾರ ಮರೆಯಲ್ಲ ಅಕ್ಕಾ," ಎಂದು ಕೈ ಮುಗಿದಳು.

ಸುಮ್ಮನೆ ಕೈ ಮುಗಿದು ಕಳಿಸಬಹುದಿತ್ತು. ಮೂಳೆಯಕ್ಕ ಎದ್ದು ನಿಂತಳು. "ತಪ್ಪು ಮಾಡಿದ್ದೂ ನಾನೇ ಅಮ್ಮಾ. ಬಲಗಾಲು ಅಂತ ಹಾಕಿದ್ದು ನಾನೇ. ಗೊತ್ತಾದ್ಮೇಲೂ ಹತ್ತೊಂಬತ್ತು ದಿನ ಬಾಯಿ ಮುಚ್ಕೊಂಡು ಕೂತಿದ್ದೆ."

ಹೆಂಗಸಿನ ಕೈಗಳು ಮುಗಿದಂತೆಯೇ ನಿಂತವು. ಅವಳು ತೆಳ್ಳನೆಯ ಪ್ಲೈವುಡ್ ಗೋಡೆಯನ್ನು ನೋಡಿದಳು, ಆಚೆ ತಾವು ನಿಲ್ಲುತ್ತಿದ್ದ ಕೌಂಟರನ್ನು ನೋಡಿದಳು, ಮತ್ತೆ ಇವಳ ಕುರ್ಚಿಯನ್ನು ನೋಡಿದಳು.

"ನಾವು ಅಲ್ಲಿ ನಿಂತು ಅಷ್ಟು ಸಲ ಗೋಗರೆದಿದ್ದು ನಿಮಗೆ ಕೇಳಿಸ್ತಿತ್ತಾ?"

"ಕೇಳಿಸ್ತಿತ್ತು," ಎಂದಳು ಮೂಳೆಯಕ್ಕ.

ಆ ಹೆಂಗಸು ಮುಗಿದಿದ್ದ ಕೈಗಳನ್ನು ಬಿಡಿಸಿ, ಔಷಧಿಯ ಚೀಲ ಸರಿಮಾಡಿಕೊಂಡು, ಗಂಡನಿದ್ದ ಕಡೆಗೆ ನಡೆದಳು.