ರಿಜಿಸ್ಟರಿನಲ್ಲಿ ನನ್ನ ತಂಗಿ

ರಾಜಾಜಿನಗರದ ನಮ್ಮ ಮನೆಗೆ ಸಮೀಕ್ಷೆಯವರು ಬಂದ ದಿನ ನಾನು ಅಮ್ಮನ ಮೇಲೆ ರೇಗಿದೆ. ಸಮೀಕ್ಷೆಗೆಂದು ಮೊಬೈಲ್ ಹಿಡಿದು ಕೂತಿದ್ದ ಮೇಷ್ಟ್ರು, "ನಿಮಗೆಷ್ಟು ಜನ ಮಕ್ಕಳಮ್ಮಾ?" ಎಂದು ಕೇಳಿದರು. "ನಾಲ್ಕು" ಎಂದಳು ಅಮ್ಮ. "ಮೂರು ಸಾರ್, ಮೂರು ಹಾಕ್ಕೊಳ್ಳಿ. ಇವರಿಗೆ ವಯಸ್ಸಾಯ್ತು" ಎಂದೆ. ಅವರು ಮೂರು ಒತ್ತಿ ಮುಂದಿನ ಪ್ರಶ್ನೆಗೆ ಹೋದರು.

ಅಮ್ಮ ಎರಡು ದಿನ ಮಾತು ಬಿಟ್ಟಳು. ನಾನು ಹುಟ್ಟಿದ ಮೇಲೆ, ತಮ್ಮಂದಿರಿಬ್ಬರು ಹುಟ್ಟುವ ಮೊದಲು, ಒಂದು ಹೆಣ್ಣು ಮಗು ಹುಟ್ಟಿ ಒಂಬತ್ತು ದಿನಕ್ಕೆ ತೀರಿಕೊಂಡಿತೆಂದು ಅವಳು ಹೇಳುತ್ತಿದ್ದಳು. ಅಪ್ಪ ಇರುವ ತನಕ ಆ ಮಾತು ನಮ್ಮ ಕಿವಿಗೆ ಬಿದ್ದಿರಲಿಲ್ಲ. ಅವರು ಹೋದ ಮೇಲೆ ಶುರುವಾಯಿತು. ಒಂದು ಫೋಟೋ ಇಲ್ಲ, ಒಂದು ಚೀಟಿ ಇಲ್ಲ. ಎಂಬತ್ತು ದಾಟಿದ ಅಮ್ಮ ಯಾವುದೋ ನೆಂಟರ ಕಥೆಯನ್ನು ತನ್ನದೆಂದುಕೊಂಡಿದ್ದಾಳೆ ಎಂದು ನಾವು ಮೂವರೂ ತೀರ್ಮಾನಿಸಿಬಿಟ್ಟಿದ್ದೆವು.

ಮೂರನೆಯ ದಿನ ಬೆಳಿಗ್ಗೆ ಕಾಫಿ ಲೋಟ ಕೆಳಗಿಟ್ಟು, "ಮಗು ಹುಟ್ಟಿದ್ದನ್ನ ಆಸ್ಪತ್ರೇಲೇ ಬರ್ಸಿದ್ರು ನಿಮ್ಮಪ್ಪ. ಸರ್ಕಾರದೋರ ಹತ್ರ ಇರುತ್ತೆ, ಹೋಗಿ ಕೇಳು. ಅವರೂ ಇಲ್ಲ ಅಂದ್ರೆ ಇನ್ಮೇಲೆ ನಾನೂ ಮೂರೇ ಅಂತೀನಿ" ಎಂದಳು.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಮಾಹಿತಿ ಹಕ್ಕಿನ ಅರ್ಜಿಯನ್ನು ಪೀಠಿಕೆ, ಉಪಸಂಹಾರ ಸಮೇತ ಪ್ರಬಂಧದ ಹಾಗೆ ಎರಡು ಪುಟ ಬರೆದು ಜನನ-ಮರಣ ನೋಂದಣಿ ಕಚೇರಿಗೆ ಕಳಿಸಿದೆ. ತಿಂಗಳಾಗುತ್ತ ಬಂದಾಗ ಎರಡು ಸಾಲಿನ ಉತ್ತರ ಬಂತು: ಮಗುವಿನ ಹೆಸರಿಲ್ಲದೆ ದಾಖಲೆ ಹುಡುಕಲು ಸಾಧ್ಯವಿಲ್ಲ. ನಿಜ ಹೇಳುತ್ತೇನೆ, ಸಿಟ್ಟು ಬಂತು, ಜೊತೆಗೆ ಒಳಗೊಳಗೇ ಸಮಾಧಾನವೂ ಆಯಿತು. ಆದರೂ ಆ ಕಾಗದವನ್ನು ಅಮ್ಮನಿಗೆ ತೋರಿಸುವ ಧೈರ್ಯ ಬರಲಿಲ್ಲ. ಜಗಳವನ್ನಾದರೂ ಆಡಿ ಬರೋಣವೆಂದು ಕಚೇರಿಗೆ ಹೋದೆ.

ದಾಖಲೆ ವಿಭಾಗದ ಹುಡುಗಿ ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, "ಆಂಟಿ, ಕೂತ್ಕೊಳ್ಳಿ" ಎಂದಳು. "ಆಗ ನಾಮಕರಣಕ್ಕೆ ಮುಂಚೇನೇ ಜನನ ಬರ್ಸಿಬಿಡ್ತಿದ್ರು. ಆಮೇಲೆ ಹೆಸರು ಸೇರ್ಸೋಕೆ ಯಾರೂ ವಾಪಸ್ ಬರ್ತಿರ್ಲಿಲ್ಲ. ಹೆಸರಲ್ಲಿ ಹುಡುಕಿದ್ರೆ ಹೆಂಗೆ ಸಿಗುತ್ತೆ? ರಿಜಿಸ್ಟರನ್ನೇ ನೋಡ್ಬೇಕು ಅಂತ ಅರ್ಜಿ ಹಾಕಿ. ನಾಲ್ಕೇ ಸಾಲು ಬರೀರಿ."

ನಾಲ್ಕೇ ಸಾಲು ಬರೆದೆ. ಮತ್ತೆ ಒಂದು ತಿಂಗಳ ಮೇಲೆ ಕರೆ ಬಂತು. ನಾನು ಹುಟ್ಟಿದ ವರ್ಷದಿಂದ ಹಿಡಿದು ಮೂರು ವರ್ಷದ, ಬಟ್ಟೆಯಲ್ಲಿ ಕಟ್ಟಿದ್ದ ಜನನದ ಪುಸ್ತಕಗಳನ್ನು ಮುಂದಿಟ್ಟರು. ಸ್ಕೇಲು ಇಟ್ಟು, ಉತ್ತರ ಪತ್ರಿಕೆ ತಿದ್ದುವವಳ ಹಾಗೆ ಒಂದೊಂದೇ ಸಾಲು ಇಳಿದೆ. ಮೊದಲು ಸಿಕ್ಕಿದ್ದು ನಾನೇ. ಅಪ್ಪನ ಹೆಸರು, ಅಮ್ಮನ ಹೆಸರು, ನಮ್ಮ ಮನೆ ನಂಬರು ಎಲ್ಲ ಇದ್ದವು. ಮಗುವಿನ ಹೆಸರಿನ ಕಡೆ ಖಾಲಿ. ನನ್ನ ಹೆಸರನ್ನೂ ಯಾರೂ ಬಂದು ಬರೆಸಿರಲಿಲ್ಲ.

ಕೊನೆಯ ಪುಸ್ತಕದಲ್ಲಿ ಅದೇ ಅಪ್ಪ, ಅದೇ ಅಮ್ಮ, ಅದೇ ಮನೆ ನಂಬರಿನೊಂದಿಗೆ ಇನ್ನೊಮ್ಮೆ ಬಂದರು. ಲಿಂಗ: ಹೆಣ್ಣು. ಹೆಸರಿನ ಕಡೆ ಖಾಲಿ. ನನಗೂ ಅವಳಿಗೂ ಆ ಕಾಗದದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಅಲ್ಲೇ, ಎಲ್ಲರೆದುರು, ಅತ್ತುಬಿಟ್ಟೆ. ಹುಡುಗಿ ನೀರು ತಂದುಕೊಟ್ಟಳು. ಮರಣದ ಪುಸ್ತಕವನ್ನೂ ತೆಗೆಸಿ ನೋಡಿದೆವು, ಅದರಲ್ಲಿ ಏನೂ ಇರಲಿಲ್ಲ. ಅದನ್ನು ಬರೆಸಲು ಅಪ್ಪನಿಗೆ ಕೈ ಬಂದಿರಲಿಕ್ಕಿಲ್ಲ.

ಮೊಹರು ಒತ್ತಿದ ಪ್ರತಿಯನ್ನು ಮನೆಗೆ ತಂದು ಅಮ್ಮನಿಗೆ ಓದಿ ಹೇಳಿದೆ. ಎರಡನೆಯ ಸಲವೂ ಓದಿಸಿದಳು. "ತಪ್ಪಾಯ್ತಮ್ಮ" ಎಂದೆ.

"ಬಿಡು, ನಿಂಗಿನ್ನೂ ಮೂರು ತುಂಬಿರ್ಲಿಲ್ಲ" ಎಂದಳು ಅಮ್ಮ. "ಮಗೂನ ಮನೆಗೆ ಕರ್ಕೊಂಡು ಬಂದ ಮೇಲೆ ನೀನೇ ಬೀಸಣಿಗೆ ಹಿಡ್ಕೊಂಡು ಅದರ ಪಕ್ಕದಲ್ಲೇ ಕೂತಿರ್ತಿದ್ದೆ. ಒಂದು ನೊಣ ಕೂರೋಕೆ ಬಿಡ್ತಿರ್ಲಿಲ್ಲ. ಎತ್ಕೊಂಡು ಹೋದಾಗ ನಿಮ್ಮಪ್ಪನ ಕಾಲು ಹಿಡ್ಕೊಂಡು ಬಿಡ್ಲೇ ಇಲ್ವಲ್ಲೇ ನೀನು."

ಕಾಗದ ಮಡಿಲಲ್ಲಿಟ್ಟುಕೊಂಡು ಕಣ್ಣು ಮುಚ್ಚಿ ಕೂತೆ. ಎಷ್ಟು ಹುಡುಕಿದರೂ ಆ ಮಗುವಿನ ಮುಖ ನನಗೆ ಸಿಗಲಿಲ್ಲ.