‘ರಿ’ ಇಲ್ಲದ ಇಂಗ್ಲಿಷ್

ಬಸವಕಲ್ಯಾಣದ ಬಸ್ ನಿಲ್ದಾಣದ ಹತ್ತಿರ ನನ್ನ ಪುಸ್ತಕದಂಗಡಿ. ತೊಂಬತ್ತರ ದಶಕದ ಕೊನೆಗೆ ಇಂಗ್ಲಿಷ್ ಕಲಿಸುವ ಪುಸ್ತಕಗಳು ಪಂಚಾಂಗಕ್ಕಿಂತ ಹೆಚ್ಚು ಮಾರಾಟವಾಗತೊಡಗಿದವು. ಪುಸ್ತಕ ಆರಿಸುವುದೂ ಜೋಳ ಆರಿಸಿದ ಹಾಗೆಯೇ: ಮೇಲಿನದನ್ನು ನಂಬಬಾರದು, ಚೀಲದ ನಡುವಿಗೆ ಕೈ ಹಾಕಬೇಕು. ನಡುವಿನ ಪುಟ ತೆರೆದು ಅಚ್ಚು, ಹೊಲಿಗೆ, ಕನ್ನಡದ ಅರ್ಥ ನೋಡಿ, ಆಮೇಲೆ ಏಜೆಂಟನೊಡನೆ ಚೌಕಾಸಿಗೆ ಕೂಡುತ್ತಿದ್ದೆ.

ಹುಮನಾಬಾದಿನ ಹೊಸ ಇಂಗ್ಲಿಷ್ ಶಾಲೆಯೊಂದಕ್ಕೆ ಸಣ್ಣ ಮಕ್ಕಳ ಟೀಚರ್ ಬೇಕೆಂದು ತಿಳಿದಾಗ ನನ್ನ ಹೆಂಡತಿಗೆ ಆಸೆ ಹುಟ್ಟಿತು. ಪಿಯುಸಿ ಓದಿದವಳು, ಮದುವೆಯಾದ ಮೇಲೆ ಅಡುಗೆಮನೆ ಬಿಟ್ಟು ಕದಲಿರಲಿಲ್ಲ. ಅಂಗಡಿಯಲ್ಲಿ ಇದ್ದುದರಲ್ಲೇ ಗಟ್ಟಿ ಪುಸ್ತಕ ಕೊಟ್ಟೆ. ರೊಟ್ಟಿ ಬಡಿಯುತ್ತ ಬಾಯಿಪಾಠ ಮಾಡಿದಳು. ಆದರೆ ಪ್ರತಿ ಮಾತಿನ ತುದಿಗೂ ನಮ್ಮ ಕಡೆಯ ‘ರಿ’ ಅಂಟಿಕೊಳ್ಳುತ್ತಿತ್ತು: ಯೆಸ್‌ರಿ, ಕಮ್‌ರಿ, ಸಿಟ್‌ರಿ. ಪುಸ್ತಕದಲ್ಲಿ ಹಾಗಿಲ್ಲ, ಕಿತ್ತುಹಾಕು ಎಂದೆ.

“ರಿ ಹಚ್ಚಲಾರದೆ ಹಿರ್ಯಾರ ಜೋಡಿ ಹ್ಯಾಂಗ ಮಾತಾಡ್ಬೇಕ್ರಿ? ಹೊಡದಂಗ ಅನಸ್ತದ.”

ಆದರೂ ಕಿತ್ತಳು. ಸಂದರ್ಶನದ ದಿನ ನಾನು ಶಾಲೆಯ ಆಫೀಸಿನ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದೆ; ಒಳಗಿನ ಮಾತು ಕೇಳುತ್ತಿತ್ತು. ಮುಖ್ಯೋಪಾಧ್ಯಾಯಿನಿ ದೂರದ ಊರಿನವರು, ವಯಸ್ಸಾದವರು. ‘ನಾನು ಒಂದು ಮಗುವಿನ ತಾಯಿ, ನಿಮ್ಮ ತರಗತಿಯ ಬಾಗಿಲಿಗೆ ಬಂದಿದ್ದೇನೆ ಅಂದುಕೊಳ್ಳಿ; ಇಂಗ್ಲಿಷಿನಲ್ಲಿ ಮಾತಾಡಿಸಿ’ ಎಂದು ಅವರು ಇವಳಿಗೆ ಹೇಳಿದರು. ನಮ್ಮಲ್ಲಿ ಬಂದವರನ್ನು ನಗುತ್ತ ‘ಏನ್ ಬೇಕ್ರಿ’ ಅನ್ನುವುದೇ ಮರ್ಯಾದೆ. ಆ ಮಾತಿನ ಎದುರಿಗೆ ಪುಸ್ತಕದಲ್ಲಿ ಏನು ಅಚ್ಚಾಗಿತ್ತೋ ಅದನ್ನೇ ಇವಳು ಅಂದಳು.

“ವಾಟ್ ಡು ಯು ವಾಂಟ್?”

ತಾಯಂದಿರನ್ನು ಗದರಿಸುವ ಟೀಚರ್ ತಮಗೆ ಬೇಡ ಎಂದರು ಅವರು.

ಮರಳುವ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಇವಳು ಕೇಳಿದಳು: “ನಾ ಅವ್ರಿಗಿ ಏನ್ ಬೈದೀನ್ರಿ?”

ಅದಾದ ಮೇಲೆ ಎಷ್ಟೋ ಪುಸ್ತಕ ಬಂದವು. ಹೊಳೆಯುವ ರಟ್ಟು, ಜೊತೆಗೆ ಸಿಡಿ. ಕೊಳ್ಳಲು ಬಂದವರಿಗೆ ನಾನು ಹೇಳುವುದಿಷ್ಟೇ: ರಟ್ಟು ಬಿಡಿ, ‘ಏನ್ ಬೇಕ್ರಿ’ಗೆ ಏನು ಬರೆದಿದ್ದಾರೆ ಹುಡುಕಿ; ‘ರಿ’ ಎಲ್ಲಿ ಹೋಯಿತು ನೋಡಿ. ಏಜೆಂಟರಿಗೂ ಅದನ್ನೇ ಕೇಳುತ್ತೇನೆ. ಅವರು ನಕ್ಕು ಕಮಿಷನ್ ಮಾತೆತ್ತುತ್ತಾರೆ. ಕೇಳಿ ಕೇಳಿ ಸಾಕಾಗಿದೆ.

ಇನ್ನೊಂದು ಶಾಲೆಗೆ ಅರ್ಜಿ ಹಾಕು ಎಂದರೆ ಇವಳು ಒಪ್ಪಲೇ ಇಲ್ಲ. ಈಗ ಗಲ್ಲಾದ ಮೇಲೆ ಅವಳೇ ಕೂಡುತ್ತಾಳೆ. ಮಂಠಾಳದ ರೈತರನ್ನೂ ಹುಮನಾಬಾದಿನ ಮಾಸ್ತರರನ್ನೂ ‘ಏನ್ ಬೇಕ್ರಿ’ ಎಂದೇ ಕೇಳುತ್ತಾಳೆ. ತಾನು ಬಾಯಿಪಾಠ ಮಾಡಿದ ಆ ಪುಸ್ತಕವನ್ನು ಯಾರಾದರೂ ಕೇಳಿದರೆ ಮಾತ್ರ, ಬೆನ್ನ ಹಿಂದಿನ ಕಪಾಟಿನಲ್ಲಿದ್ದರೂ ಖಾಲಿಯಾಗಿದೆ ಅನ್ನುತ್ತಾಳೆ.