ಬಾಳಪ್ಪನ ಹಸಿದ ಕೊಯ್ತಾ

ಖಾನಾಪುರದಾಚೆಯ ಕಾಡಿನ ಗಾಡಿದಾರಿ. ಮೂಡಲು ಇನ್ನೂ ಸರಿಯಾಗಿ ಕೆಂಪೇರಿಲ್ಲ. ಹಿಂದೆ ಎಲ್ಲೋ ಭತ್ತದ ಗಾಡಿಗಳ ಗೆಜ್ಜೆ ಸದ್ದು, ಮುಂದೆ ಬಾಳಪ್ಪ ಒಬ್ಬನೇ. ರಾತ್ರಿಯ ಗಾಳಿಗೆ ಅಡ್ಡ ಬಿದ್ದ ಬಿದಿರನ್ನು ಎಡಗೈಯ ನಾಲ್ಕೇ ಬೆರಳಲ್ಲಿ ಹಿಡಿಯುತ್ತಾನೆ, ಬಲಗೈಯ ಕೊಯ್ತಾ ಬೀಸಿ ಒಂದೇ ಏಟಿಗೆ ಕಡಿಯುತ್ತಾನೆ, ಕಾಲಿನಿಂದ ಅತ್ತ ನೂಕುತ್ತಾನೆ. ಎತ್ತುಗಳು ಬರುವ ಹೊತ್ತಿಗೆ ಅಲ್ಲಿ ಬಿದಿರೂ ಇರುವುದಿಲ್ಲ, ಬಾಳಪ್ಪನೂ ಇರುವುದಿಲ್ಲ.

ಎಡಗೈ ಹೆಬ್ಬೆರಳಿಗೆ ಅರಿಸಿನ ಹತ್ತಿದ ಬಟ್ಟೆಯ ಕಟ್ಟು. ಅದನ್ನು ಯಾಕೆ ಕಟ್ಟಿದ್ದಾನೆಂದು ಕೇಳಿದರೆ ಎದೆ ಝಲ್ಲೆನ್ನುತ್ತದೆ, ಆದರೆ ಬಾಳಪ್ಪ ಮಾತ್ರ ನಗುತ್ತಾನೆ. ಎಂಥ ಮನುಷ್ಯನಪ್ಪಾ ಇವನು!

ಐವತ್ತರ ಆಸುಪಾಸಿನ ಈತನ ಕೆಲಸಕ್ಕೆ ಹೆಸರೇ ಇಲ್ಲ. ಗಾಡಿಯವರು 'ದಾರಿ ಸವರಾವ' ಎನ್ನುತ್ತಾರೆ, ಅದೂ ಎಲ್ಲಾದರೂ ಮುಳ್ಳು ಉಳಿದಿದ್ದರೆ ಬೈಯುವುದಕ್ಕೆ. ಸಲೀಸಾಗಿ ಹೋದ ದಿನ ಯಾರ ಬಾಯಲ್ಲೂ ಇವನಿಲ್ಲ. ಬೆಳಗಾವಿಯ ಕಾಂಗ್ರೆಸ್ ಅಧಿವೇಶನ ನಡೆದು ಎರಡು ವರ್ಷವಾಯಿತು. ಆಗ ಇದೇ ದಾರಿಯಲ್ಲಿ ಗಾಡಿಗಟ್ಟಲೆ ಅಕ್ಕಿ ಹೋಯಿತು. ನೀನೂ ನೋಡಲು ಹೋಗಿದ್ದೆಯಾ ಎಂದರೆ, "ಎಲ್ಲೀದ್ರೀ? ನಾ ನೋಡಾಕ ಹೋದ್ರ ದಾರಿ ಯಾರು ಸವರಬೇಕು?" ಎನ್ನುತ್ತಾನೆ.

ಈ ಸುಗ್ಗಿಯ ಮೊದಲಲ್ಲೇ ಒಂದು ಅನಾಹುತ ನಡೆಯಿತು. ಇಳಿಜಾರಿನಲ್ಲಿ ಒಂದು ಗಾಡಿ ಮಗುಚಿ, ಎಡಗಡೆಯ ಎತ್ತು ಕೊರಕಲಿಗೆ ಜಾರಿ, ನೊಗಕ್ಕೆ ಕಟ್ಟಿದ ಕೊರಳಹಗ್ಗದಲ್ಲೇ ನೇತುಬಿತ್ತು. ಬಾಳಪ್ಪ ಓಡಿಬಂದ. ಅವನ ಕೈಯಲ್ಲಿದ್ದದ್ದು ಅಪ್ಪನ ಕಾಲದ ಕೊಯ್ತಾ. ಅಲಗು ಹಿಡಿಯೊಳಗೆ ಲಟಲಟ ಅಲ್ಲಾಡುತ್ತಿತ್ತು, ಗೋಣಿದಾರ ಸುತ್ತಿ ಹೇಗೋ ದಿನ ದೂಡುತ್ತಿದ್ದ. ಹಗ್ಗಕ್ಕೆ ಮೊದಲ ಏಟು ಹಾಕಿದ್ದೇ ತಡ, ಅಲಗು ಕಿತ್ತು ಪೊದೆಯೊಳಗೆ ಹಾರಿಹೋಯಿತು.

"ಕೈಯಾಗ ಬರೇ ಕಟಗಿ ಉಳೀತ್ರಿ," ಎನ್ನುತ್ತಾನೆ. "ಹಲ್ಲೀಲೆ ಕಚ್ಚಿದೆ, ಹಗ್ಗ ಹರೀಲಿಲ್ಲ. ಎತ್ತು ನನ್ನ ಮಾರಿ ನೋಡಕೋಂತನ ಜೀವ ಬಿಡ್ತು."

ಎತ್ತು ಅನಗೋಳದ ಅಕ್ಕಾತಾಯಿಯವರದು. ತಲೆತಲಾಂತರದಿಂದ ಭತ್ತದ ವ್ಯಾಪಾರ ಮಾಡುವ ಜೈನ ಮನೆತನದ ಹಿರಿಯ ಜೀವ. ಸುದ್ದಿ ಕೇಳಿ ಅಂದು ನೀರೂ ಮುಟ್ಟಲಿಲ್ಲವಂತೆ. ಕೆಲವು ದಿನ ಬಿಟ್ಟು ಬಾಳಪ್ಪನಿಗೆ ಕರೆ ಬಂತು. ಹೋಯಿತು ನನ್ನ ಅನ್ನ ಎಂದುಕೊಳ್ಳುತ್ತಲೇ ಅವನು ಮಚ್ಛೆ ಊರು ದಾಟಿ ಅನಗೋಳಕ್ಕೆ ನಡೆದ.

ಪಡಸಾಲೆಯ ಮಣೆಯ ಮೇಲಿದ್ದುದನ್ನು ಕಂಡು ಅವನು ಅಲ್ಲೇ ನಿಂತ. ಹೊಚ್ಚ ಹೊಸ ಕೊಯ್ತಾ! ಕಮ್ಮಾರ ರಾಯಪ್ಪನ ಕೈಕೆಲಸ. ಅಲಗಿನ ಕಬ್ಬಿಣವೇ ಹಿಡಿಯ ತುದಿತನಕ ಹೋಗಿದೆ, ಎರಡೂ ಬದಿಗೆ ಕಟ್ಟಿಗೆ ಕೂರಿಸಿ ಮೊಳೆ ಬಡಿದಿದೆ. ಇನ್ನು ಜನ್ಮದಲ್ಲಿ ಕಳಚುವುದಿಲ್ಲ. ಆದರೆ ಕೊಡುತ್ತಿರುವವರು ಯಾರು? ಕೊಟ್ಟ ಅಲಗಿನಿಂದ ಆಗುವ ಹಿಂಸೆಯ ಪಾಪ ಕೊಟ್ಟವರಿಗೂ ತಟ್ಟುತ್ತದೆಂದು, ನೆರೆಮನೆಗೆ ಈಳಗಿಯನ್ನೂ ಕೊಡದ ವ್ರತದ ಹೆಂಗಸು! ಸೊಸೆ ಸುಂದರಾಬಾಯಿ ಬಾಯಿಗೆ ಸೆರಗು ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಕೊಟ್ಟ ದೋಷ ನನಗಿರ್ಲಿ, ಎತ್ತಿನ ಜೀವ ಉಳೀಲಿ," ಎಂದರು ಅಕ್ಕಾತಾಯಿ. "ಆದ್ರ ಮಾತು ಕೊಡು ಬಾಳಪ್ಪ. ಇದರಿಂದ ಯಾವ ಜೀವದ ರಕ್ತಾನೂ ಬೀಳಬಾರದು."

"ಆತ್ರೀ ಅವ್ವಾರ," ಎಂದುಬಿಟ್ಟ.

ಅಂಗಳ ದಾಟಿದ ಮೇಲೆ ಕೊಟ್ಟ ಮಾತಿನ ಭಾರ ತಿಳಿಯಿತು. ಯಾಕೆಂದರೆ ಕಾಡಿನ ಕಟ್ಟಳೆ ಬೇರೆ. ಹೊಸ ಕೊಯ್ತಾ ಕಾಡಂಚಿನ ಕಲ್ಲುದೇವರ ಮುಂದೆ ಕೋಳಿಯ ನೆತ್ತರು ಕುಡಿಯಬೇಕು. ಉಪವಾಸ ಇಟ್ಟರೆ ಅದು ಒಡೆಯನನ್ನೇ ತಿನ್ನುತ್ತದೆ. ಇದು ಬರೀ ಮಾತಲ್ಲ ಅವನಿಗೆ. "ನಮ್ಮಪ್ಪ ಕೋಳಿ ಆಮ್ಯಾಲ ಕೊಟ್ರಾತು ಅಂದಾವ, ಎರಡು ಬೆರಳು ಕಳಕೊಂಡ್ರಿ. ಕಣ್ಣಾರೆ ನೋಡೇನಿ." ಕೋಳಿ ಕೊಯ್ದರೆ ಅವ್ವಾರಿಗೆ ಕೊಟ್ಟ ಮಾತು ಹೋಯಿತು. ಕೊಯ್ಯದಿದ್ದರೆ ಕೈ ಹೋಯಿತು. ಕೈ ಹೋದ ಮೇಲೆ ದಾರಿ ಸವರುವವನಿಗೆ ಇನ್ನೇನು ಉಳಿಯಿತು?

ಹೆಂಡತಿ ಸಾತವ್ವ ಮಾತ್ರ ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡೇ ಕಲ್ಲಿನ ಹತ್ತಿರ ಬಂದಿದ್ದಳು. "ಅನಗೋಳದಾಕಿಗೆ ಹೆಂಗ ಗೊತ್ತಾಗತೈತಿ? ಕೊಯ್ದು ಮುಗಸು," ಎಂದಳು. ಬಾಳಪ್ಪ ಕೋಳಿಯನ್ನು ಕೈಗೆ ತೆಗೆದುಕೊಂಡ, ನೆಲಕ್ಕೆ ಬಿಟ್ಟ. ಅದು ಕೊಕ್ಕೊಕ್ಕೋ ಎಂದು ಓಡಿತು. ಆಮೇಲೆ ತನ್ನ ಎಡಗೈ ಹೆಬ್ಬೆರಳನ್ನು ಕಲ್ಲಿನ ಮೇಲಿಟ್ಟು ಅಲಗನ್ನು ಎಳೆದೇಬಿಟ್ಟ. ಶಿವಶಿವಾ! ಸಾತವ್ವ ಕೂಗಿದ ಕೂಗಿಗೆ ಗಾಡಿಯವರೆಲ್ಲ ಓಡಿಬಂದರು.

"ಕೊಯ್ತಾಕ್ಕ ಉಣ್ಣಾಕ ಸಿಕ್ತು, ಅವ್ವಾರ ಮಾತೂ ಉಳೀತು," ಎಂಬುದು ಬಾಳಪ್ಪನ ಲೆಕ್ಕ. ಅದೇ ಹಿಗ್ಗಿನಲ್ಲಿ, ಬೆರಳು ಬದನೆಕಾಯಿಯಷ್ಟು ಬಾತಿದ್ದರೂ, ಮುಂದಿನ ಗಾಡಿಗಳ ಜೊತೆ ಅನಗೋಳಕ್ಕೆ ಹೋದ. ಅಕ್ಕಾತಾಯಿಯ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದ. ಶಾಭಾಸ್ ಅಂದಾರು ಎಂಬ ಆಸೆ.

ಅವರ ಕೈಯ ಜಪಮಣಿ ನೆಲಕ್ಕೆ ಬಿತ್ತು. "ಯಾವ ಜೀವದ ರಕ್ತಾನೂ ಬ್ಯಾಡ ಅಂತ ಹೇಳಿದ್ದೆನಲ್ಲೋ!"

"ಯಾವ ಜೀವಾನೂ ಮುಟ್ಟಿಲ್ರೀ ಅವ್ವಾರ. ಕೋಳಿ ಬಿಟ್ಟಬಿಟ್ಟೆ. ಇದು ನಂದ ಬೆರಳು."

"ಹುಚ್ಚ ಖೋಡಿ! ನಿಂದು ಜೀವ ಅಲ್ಲೇನೋ?"

ಖರೇ ಹೇಳಬೇಕೆಂದರೆ ಆ ಪ್ರಶ್ನೆ ಬಾಳಪ್ಪನಿಗೆ ಎಂದೂ ಹೊಳೆದೇ ಇರಲಿಲ್ಲ. ಕೋಳಿ ಜೀವ, ಎತ್ತು ಜೀವ, ಅಷ್ಟರತನಕ ಅವನಿಗೂ ಗೊತ್ತಿತ್ತು. ಆ ಹಿರಿಯಾಕೆ ಅವನ ಎದುರೇ ನೆಲದ ಮೇಲೆ ಕೂತು, ಬಿಸಿನೀರಲ್ಲಿ ಗಾಯ ತೊಳೆದು, ಅರಿಸಿನ ಮೆತ್ತಿ, ತಮ್ಮ ಹಳೆಯ ಸೀರೆಯ ಸೆರಗು ಹರಿದು ಕಟ್ಟಿದರು. ಕಟ್ಟುತ್ತ ಬೈದರು, ಬೈಯುತ್ತ ಅತ್ತರು. "ಎತ್ತು ಸತ್ತಾಗ ನಾನೂ ಇಷ್ಟು ಅತ್ತಿದ್ದಿಲ್ರೀ," ಎನ್ನುತ್ತ ಬಾಳಪ್ಪ ಮುಖ ತಿರುಗಿಸುತ್ತಾನೆ.

ಇನ್ನೇನು ಬೇಕು ನಿನಗೆ ಎಂದು ಕೇಳಿದರೆ ಕೊಯ್ತಾದ ಅಲಗನ್ನು ಧೋತರದ ಅಂಚಿಗೆ ಒರೆಸುತ್ತಾನೆ. "ಏನೂ ಬ್ಯಾಡ್ರಿ. ಕೊಯ್ತಾ ಛಲೋ ಐತಿ. ಒಂದಿನ ನಾ ಬರಲಿಲ್ಲಂದ್ರ, ಬಾಳಪ್ಪ ಎಲ್ಲೀದಾನ ಅಂತ ಯಾರರ ಒಬ್ರು ಕೇಳಿದ್ರ ಸಾಕು."

ಅಷ್ಟರಲ್ಲಿ ಹಿಂದೆ ಗೆಜ್ಜೆ ಸದ್ದು ನಿಲ್ಲುತ್ತದೆ. ಮುಂಚೂಣಿ ಗಾಡಿಯ ಮೈಲಾರಲಿಂಗ ಕತ್ತಲೊಳಗಿನಿಂದ ಕೂಗುತ್ತಾನೆ: "ಬಾಳಪ್ಪಾ, ಅದೀಯೇನೋ?" ಇಂದಿನಿಂದ, ಬಾಳಪ್ಪನ ಉತ್ತರ ಬರದೆ ಗಾಡಿ ಮುಂದೆ ಹೋಗಕೂಡದೆಂದು ಅಕ್ಕಾತಾಯಿಯ ಅಪ್ಪಣೆಯಾಗಿದೆ.

ಬಾಳಪ್ಪ ಕೊಯ್ತಾವನ್ನು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈ ಬಾಯಿಗೆ ಹಿಡಿದು, ಕಾಡೆಲ್ಲ ಕೇಳುವ ಹಾಗೆ ಕೂಗುತ್ತಾನೆ:

"ಅದೀನ್ರೀ!"